ಮೊದಲು ಕ್ಲಾಸಿನ ಗೋಡೆ ನೋಡಿ

ಮಕ್ಕಳಿಗೆ ಚಿತ್ರಕಲೆ ತರಗತಿ ಆರಿಸುವಾಗ ಶುಲ್ಕ, ದೂರ, ಸರ್ಟಿಫಿಕೇಟ್ ನೋಡಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಅದಕ್ಕೂ ಮೊದಲು ಆ ಕ್ಲಾಸಿನ ಗೋಡೆ ನೋಡಬೇಕು ಅನ್ನುವುದು ನನ್ನ ಅನಿಸಿಕೆ. ತೂಗುಹಾಕಿದ ಎಲ್ಲ ಚಿತ್ರಗಳಲ್ಲೂ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಅದೇ ತೆಂಗಿನಮರ ಇದ್ದರೆ ಅಲ್ಲಿ ಕಲಿಸುತ್ತಿರುವುದು ನಕಲು ಮಾಡುವುದನ್ನು. ಮಗಳನ್ನು ಸೇರಿಸಲು ಹೋಗಿದ್ದ ಒಂದು ಕಡೆ ಮೇಷ್ಟ್ರು ಪುಟ್ಟ ಹುಡುಗನ ಹಾಳೆ ಎಳೆದುಕೊಂಡು, ಅವನು ಬರೆದಿದ್ದ ಮೂರು ಕಾಲಿನ ಆನೆಯನ್ನು ಅಳಿಸಿ, ತಾವೇ ಬರೆದುಕೊಟ್ಟರು. ಪಕ್ಕದಿಂದ ನೋಡಿದರೆ ಆನೆಗೆ ಮೂರೇ ಕಾಲು ಕಾಣಬಹುದಲ್ಲವೇ? ಹುಡುಗ ಆಮೇಲೆ ಪೆನ್ಸಿಲ್ ಮುಟ್ಟಲೇ ಇಲ್ಲ. ನಾವು ಅಲ್ಲಿ ಸೇರಿಸಲಿಲ್ಲ.

ಸರ್ಕಾರ ನಡೆಸುವ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಹೈಸ್ಕೂಲ್ ಮಕ್ಕಳಿಗೆ ಒಳ್ಳೆಯದೇ, ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವ ಶಿಸ್ತು ಬರುತ್ತದೆ. ಆರು ವರ್ಷದ ಮಗುವಿಗೆ ಆ ಆತುರ ಯಾಕೆ? ಕ್ರೇಯಾನ್, ಜೇಡಿಮಣ್ಣು, ಒಂದಷ್ಟು ಹಾಳೆ ಸಾಕು.

ಬೆಂಗಳೂರಿನವರಾದರೆ, ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಮಗುವನ್ನು ಕರೆದುಕೊಂಡು ಹೋಗಿ. ಮೈಸೂರು ಶೈಲಿಯ ಚಿನ್ನದ ರೇಕಿನ ಕೆಲಸ, ಜಲವರ್ಣ, ಕೂತಲ್ಲೇ ನಮ್ಮ ಮುಖ ಬರೆದುಕೊಡುವವರು, ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತಾರೆ. ಮಗು ಯಾವುದರ ಮುಂದೆ ಕದಲದೆ ನಿಲ್ಲುತ್ತದೋ ಗಮನಿಸಿ, ಅದನ್ನು ಬಲ್ಲ ಮೇಷ್ಟ್ರನ್ನು ಹುಡುಕಿ. ದುಡ್ಡು ಕಟ್ಟುವ ಮುಂಚೆ ಒಂದು ಕ್ಲಾಸ್ ಪೂರ್ತಿ ಕೂತು ನೋಡಲು ಬಿಡುತ್ತಾರಾ ಅಂತಲೂ ಕೇಳಿಬಿಡಿ.