ನಾಗವಲ್ಲಿ ಯಾರು? ಮಂಜೊಟ್ಟಿ ಯಾರಿಗೆ?

ಈ ಸಲ ಓಣಂ ರಜೆಯಲ್ಲಿ ಕಾಸರಗೋಡಿನ ನಮ್ಮ ಮನೆ ಚಾವಡಿಯಲ್ಲಿ ಎರಡು ದಿನ ಜಗಳ ನಡೆಯಿತು. ಆಸ್ತಿಗೆ ಅಲ್ಲ, ಅಡಿಕೆ ರೇಟಿಗೂ ಅಲ್ಲ. ಸಿನಿಮಾದಲ್ಲಿ ನಾಗವಲ್ಲಿಯ ಪಾತ್ರ ಮಾಡಿದ್ದು ಯಾರು ಅಂತ.

ದೊಡ್ಡಮ್ಮನ ಮಗ ಅಮೆರಿಕದಿಂದ ಬಂದಿದ್ದ. ಚಾಕಲೇಟಿನ ಜೊತೆ ಒಂದು ಬೋರ್ಡ್ ಆಟದ ಪೆಟ್ಟಿಗೆಯನ್ನೂ ತಂದಿದ್ದ. ಸಿನಿಮಾ ಪ್ರಶ್ನೆಗಳ ಆಟ. ಟ್ರಿವಿಯಲ್ ಪರ್ಸ್ಯೂಟ್ ಕಂಡವರಿಗೆ ಗೊತ್ತಾಗುತ್ತದೆ, ಅದೇ ಜಾತಿಯದು. ಗಾಡಿ ಚಕ್ರದ ಹಾಗಿನ ಬೋರ್ಡ್, ಆರು ಬಣ್ಣ. ದಾಳ ಹಾಕಿ ಕಾಯಿ ನಡೆಸಿದ ಮೇಲೆ ಅದು ಯಾವ ಬಣ್ಣದಲ್ಲಿ ನಿಂತಿತೋ ಆ ಬಣ್ಣದ ಪ್ರಶ್ನೆ. ಸರಿ ಹೇಳಿದರೆ ಮತ್ತೊಮ್ಮೆ ದಾಳ. ಆರೂ ಬಣ್ಣದ ತುಂಡು ಸೇರಿಸಿಕೊಂಡು ನಡುಮನೆಗೆ ಬಂದು, ಅಲ್ಲಿ ಇನ್ನೊಂದು ಪ್ರಶ್ನೆ ಗೆದ್ದರೆ ಆಟ ಮುಗಿಯಿತು. ಮೂಲ ಆಟ ಹುಟ್ಟಿದ್ದು 1979ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಕ್ರಿಸ್ ಹೇನಿ, ಸ್ಕಾಟ್ ಅಬಟ್ ಎಂಬ ಇಬ್ಬರು ಪತ್ರಕರ್ತರು ಸ್ಕ್ರ್ಯಾಬಲ್ ಆಡಲು ಕೂತರೆ ಅದರ ಕೆಲವು ಬಿಲ್ಲೆಗಳೇ ಇರಲಿಲ್ಲವಂತೆ. ಹಾಗಾದರೆ ನಾವೇ ಒಂದು ಆಟ ಮಾಡುವ ಅಂತ ಹೊರಟರಂತೆ.

ಹೊರಗೆ ಮಳೆ, ಕರೆಂಟ್ ಇಲ್ಲ. ಕೂತವರು ನಾವು ಏಳು ಜನ. ದೊಡ್ಡಮ್ಮನ ಮಗ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅವನ ಹೆಂಡತಿ, ಪುತ್ತೂರಿನಿಂದ ಮದುವೆಯಾಗಿ ಬಂದ ಚಿಕ್ಕಮ್ಮ, ಅತ್ತೆ, ಒಂಬತ್ತನೇ ಕ್ಲಾಸಿನ ಸೊಸೆ (ನನ್ನ ತಂಗಿಯ ಮಗಳು), ನಾನು. ಮತ್ತೆ ಆಚೆ ಮನೆಯ ಮಾಷ್. ಮಲಯಾಳ ಪಾಠ ಮಾಡಿ ರಿಟೈರ್ ಆದವರು. ನಮ್ಮಲ್ಲಿ ಚಾಯ ಕುಡಿಯದೆ ಅವರಿಗೆ ಸಂಜೆ ಆಗುವುದಿಲ್ಲ.

ಮೊದಲ ಕಾರ್ಡ್ ಚಿಕ್ಕಮ್ಮನಿಗೆ. 'ಕಾಸಾಬ್ಲಾಂಕಾ' ಸಿನಿಮಾದಲ್ಲಿ ರಿಕ್ಕನ ಕೆಫೆಯಲ್ಲಿ ಪಿಯಾನೊ ನುಡಿಸುವವನ ಹೆಸರೇನು?

"ಅವನ ಹೆಸರು ನಮಗೆಂತಕ್ಕೆ? ನುಡಿಸಿದ್ದು ಯಾವ ಹಾಡು, ಅದು ಕೇಳಿ" ಅಂದರು ಚಿಕ್ಕಮ್ಮ.

ಕಾರ್ಡಿನ ಹಿಂದೆ 'ಸ್ಯಾಮ್' ಅಂತ ಇತ್ತು. ಇದ್ದರೆ ಇರಲಿ. ಮುಕ್ಕಾಲು ಗಂಟೆಯಲ್ಲಿ ದೊಡ್ಡಮ್ಮನ ಮಗನ ಹತ್ತಿರ ನಾಲ್ಕು ತುಂಡು. ಮಾಷಿಗೆ ಚಾಪ್ಲಿನ್ ದೆಸೆಯಿಂದ ಒಂದು, ಸೊಸೆಗೆ ಟೈಟಾನಿಕ್ ದೆಸೆಯಿಂದ ಒಂದು. ಉಳಿದವರದ್ದು ಸೊನ್ನೆ. ಚಿಕ್ಕಮ್ಮ ಹಪ್ಪಳ ಕಾಯಿಸುವ ನೆಪ ಹೇಳಿ ಎದ್ದರು. ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು. ಆಟ ಸತ್ತಿತು.

ಅದಕ್ಕೆ ಮತ್ತೆ ಜೀವ ಕೊಟ್ಟದ್ದು ಸೊಸೆ. ಅಟ್ಟದಿಂದ ಹಳೆಯ ಮದುವೆ ಕಾಗದಗಳ ಕಟ್ಟು ಇಳಿಸಿದಳು. ಕತ್ತರಿ ಹಿಡಿದು ಒಂದೊಂದನ್ನೂ ನಾಲ್ಕು ಮಾಡಿದಳು. "ನಾವೇ ಪ್ರಶ್ನೆ ಬರೆಯುವ ಮಾವ. ಒಬ್ಬರು ಹತ್ತು. ಹಿಂದೆ ಉತ್ತರ." ಲೆಕ್ಕ ಇಡಲು ಚೆನ್ನೆಮಣೆಯ ಮಂಜೊಟ್ಟಿ ಕಾಳು ತಂದಳು. ಫೋನುಗಳೆಲ್ಲ ಹೆಡಿಗೆಗೆ ಬಿದ್ದವು. ಈ ನಿಯಮ ಮಾತ್ರ ಎಲ್ಲ ಮನೆಯಲ್ಲೂ ಬೇಕು ಅಂತ ನನ್ನ ಅಭಿಪ್ರಾಯ. ಗೂಗಲ್ ನೋಡಿದರೆ ಒಂದು ನಿಮಿಷಕ್ಕೆ ಜಗಳ ಮುಗಿದುಹೋಗುತ್ತದೆ. ಮತ್ತೆ ಕೂರುವುದು ಎಂತಕ್ಕೆ?

ಆದರೆ ಒಂದು ನಿಯಮ ಮಾಡಲು ಮರೆತೆವು. ಯಾವ ಭಾಷೆಯ ಸಿನಿಮಾ ಅಂತ ಕಾರ್ಡಿನಲ್ಲಿ ಬರೆಯಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ತಮಗೆ ಗೊತ್ತಿದ್ದದ್ದೇ ಸಿನಿಮಾ ಅಂದುಕೊಂಡಿದ್ದರು.

ಹಾಗಾಗಿ ಮೂರನೇ ಕಾರ್ಡಿಗೇ ಬಂದಳು ನಾಗವಲ್ಲಿ.

ಪ್ರಶ್ನೆ ಚಿಕ್ಕಮ್ಮನದ್ದು. ಉತ್ತರ ಹೇಳಬೇಕಾದ್ದು ಮಾಷ್. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಶೋಭನಾ. ಇದೂ ಒಂದು ಪ್ರಶ್ನೆಯಾ?"

"ತಪ್ಪು ಮಾಷೇ. ಸೌಂದರ್ಯ."

ಮಾಷ್ ಚಾಯದ ಗ್ಲಾಸ್ ಕೆಳಗಿಟ್ಟರು. ಅವರು ಗ್ಲಾಸ್ ಕೆಳಗಿಟ್ಟರೆ ಕ್ಲಾಸು ಶುರುವಾಯಿತು ಅಂತಲೇ ಅರ್ಥ. ಮಲಯಾಳದ 'ಮಣಿಚ್ಚಿತ್ರತ್ತಾಳ್' ಬಂದದ್ದು 1993ರಲ್ಲಿ. ಫಾಸಿಲ್ ನಿರ್ದೇಶನ. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದೇ ಆ ಪಾತ್ರಕ್ಕೆ. ಅದೇ ಕಥೆಯ ಕನ್ನಡದ 'ಆಪ್ತಮಿತ್ರ' ಬಂದದ್ದು 2004ರಲ್ಲಿ, ಹನ್ನೊಂದು ವರ್ಷ ಕಳೆದು. "ಮೊದಲು ಮಾಡಿದವರಲ್ಲವಾ ಮಾಡಿದವರು?"

ಚಿಕ್ಕಮ್ಮನೂ ಬಿಡಲಿಲ್ಲ. ಅವರು ಹಪ್ಪಳದ ಜಾಲರಿ ಸೌಟು ಹಿಡಿದುಕೊಂಡೇ ಚಾವಡಿಗೆ ಬಂದರು. ಅದರಿಂದ ಎಣ್ಣೆ ಕಾವಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬೇರೆ ದಿನ ಹಾಗೆ ಮಾಡಿದ್ದು ನಾವಾಗಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು. "ಆ ಹುಡುಗಿ ಏಪ್ರಿಲ್‌ನಲ್ಲಿ ವಿಮಾನ ಬಿದ್ದು ಹೋದಳು. ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಟಾಕೀಸಿನಲ್ಲಿ ಅವಳು ನಗುವಾಗ ನಾವೆಲ್ಲ ಅತ್ತಿದ್ದೇವೆ. ನನಗೆ ನಾಗವಲ್ಲಿ ಅಂದರೆ ಅವಳೇ."

ಎರಡು ಸಿನಿಮಾದಲ್ಲೂ ಅವಳ ಹೆಸರು ನಾಗವಲ್ಲಿ. ಅವಳು ಮೈಮೇಲೆ ಬಂದದ್ದು ಯಾರಿಗೋ ಆ ಹೆಂಡತಿಯ ಹೆಸರು ಎರಡರಲ್ಲೂ ಗಂಗಾ. ಹೆಸರು ಹಿಡಿದು ನ್ಯಾಯ ಹೇಳುವ ಹಾಗೇ ಇಲ್ಲ. ಆಗ ಅತ್ತೆ ಕಣ್ಣು ಬಿಟ್ಟು ಕೇಳಿದರು. "ಅವಳು ಹಾಡಿದ್ದು ಯಾವ ಭಾಷೆಯಲ್ಲಿ, ಅದು ಹೇಳಿ."

ಎಲ್ಲರೂ ಸುಮ್ಮನಾದೆವು. ಹೌದಲ್ವಾ! ಮಲಯಾಳ ಸಿನಿಮಾದ ನಾಗವಲ್ಲಿ ತಂಜಾವೂರಿನವಳು, ಅವಳ ಹಾಡು ತಮಿಳು. ಕನ್ನಡ ಸಿನಿಮಾದವಳು ಹಾಡುವುದು 'ರಾ ರಾ' ಅಂತ, ಅಪ್ಪಟ ತೆಲುಗು. ತಮಿಳಿಗೆ ಹೋಗಿ ಚಂದ್ರಮುಖಿ ಆದಳಲ್ಲ, ಅಲ್ಲೂ ಅವಳ ಹಾಡು ತೆಲುಗೇ. ಮೈಮೇಲೆ ಬರುವವಳು ಯಾವತ್ತೂ ಪಕ್ಕದ ರಾಜ್ಯದವಳೇ ಆಗಿರಬೇಕು ಅಂತ ಸಿನಿಮಾದವರ ಲೆಕ್ಕ ಇರಬೇಕು. ನಾವು ಗಡಿಯವರು ಇದಕ್ಕೆ ನಗಬೇಕೋ ಬೇಡವೋ ಗೊತ್ತಿಲ್ಲ. ನಕ್ಕೆವು.

ಮಂಜೊಟ್ಟಿ ಮಾತ್ರ ಯಾರಿಗೂ ಕೊಡಲಿಲ್ಲ.

ಮತ್ತೆ ಇದೇ ಕಥೆ. 'ನ್ಯೂ ಡೆಲ್ಲಿ'ಯ ಹೀರೋ ಯಾರು? ಮಮ್ಮೂಟ್ಟಿ ಅಂದರೂ ಸರಿ, ಅಂಬರೀಷ್ ಅಂದರೂ ಸರಿ. ಕೇಬಲ್ ಅಂಗಡಿಯವನು ಕೊಲೆ ಮುಚ್ಚಿ ಮನೆಯವರನ್ನು ಉಳಿಸುವ ಕಥೆಯಲ್ಲಿ ಮೋಹನ್‌ಲಾಲ್ ಇದ್ದಾರೋ ರವಿಚಂದ್ರನ್ ಇದ್ದಾರೋ? 'ಚಿತ್ರಂ' ನೋಡಿದವರಿಗೆ 'ರಾಯರು ಬಂದರು ಮಾವನ ಮನೆಗೆ' ಗೊತ್ತಿರುತ್ತದೆ. 'ಕಿರೀಡಂ' ನೋಡಿ ಅತ್ತವರು 'ಮೋಡದ ಮರೆಯಲ್ಲಿ' ನೋಡಿ ಇನ್ನೊಮ್ಮೆ ಅತ್ತಿದ್ದಾರೆ. ಬೆಂಗಳೂರಿನಲ್ಲಿ ಇದು ರೀಮೇಕ್ ಪಟ್ಟಿ ಅಷ್ಟೇ. ನಮ್ಮಲ್ಲಿ ಹಾಗಲ್ಲ. ಎರಡನ್ನೂ ನೋಡಿದವರು, ಎರಡಕ್ಕೂ ಟಿಕೆಟ್ ಕೊಟ್ಟವರು ಒಂದೇ ಮನೆಯಲ್ಲಿರುತ್ತಾರೆ.

ದೊಡ್ಡಮ್ಮನ ಮಗನ ಹೆಂಡತಿ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. "ನೀವೆಲ್ಲ ಕೇರಳದವರಲ್ವಾ, ಕನ್ನಡ ಸಿನಿಮಾ ಇಷ್ಟೆಲ್ಲ ಹೇಗೆ ಗೊತ್ತು?" ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮಗೆ ಈ ಪ್ರಶ್ನೆ ಅಭ್ಯಾಸ. ನಮ್ಮ ಅಜ್ಜ ಕುಂಬಳೆಯಿಂದ ಬಸ್ಸು ಹತ್ತಿ ಮಂಗಳೂರಿನ ಜ್ಯೋತಿ ಟಾಕೀಸಿಗೆ ಹೋಗಿ ರಾಜಕುಮಾರ್ ಸಿನಿಮಾ ನೋಡಿ ಬರುತ್ತಿದ್ದರು. ನಾವು ಮಕ್ಕಳು ಭಾನುವಾರ ಸಂಜೆ ದೂರದರ್ಶನದ ಮಲಯಾಳ ಸಿನಿಮಾದ ಮುಂದೆ ಕೂತು ಬೆಳೆದವರು. ಅತ್ತೆ ಇವೆರಡೂ ಅಲ್ಲ. ಅವರದ್ದು ಮಂಗಳೂರು ಆಕಾಶವಾಣಿ. ಸಿನಿಮಾ ನೋಡಿದ್ದು ಬೆರಳಲ್ಲಿ ಎಣಿಸುವಷ್ಟು. ಆದರೆ ಹಾಡು ಶುರುವಾಗುವ ಮೊದಲೇ ಹಾಡಿದವರು ಯಾರು ಅಂತ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ "ಹಾಗಾದರೆ ಎಲ್ಲರ ಉತ್ತರವೂ ಸರಿ" ಅಂತ ನಾನು ಹೇಳುತ್ತೇನೆ ಅಂದುಕೊಳ್ಳಬೇಡಿ. ಆ ಮಾತು ನನಗೆ ಆಗುವುದಿಲ್ಲ. ಎಲ್ಲರೂ ಸರಿ ಅಂದ ಮೇಲೆ ಆಟ ಎಲ್ಲಿ ಉಳಿಯಿತು? ನಾನು ಹೇಳುವುದು ಬೇರೆ. ನಮ್ಮಲ್ಲಿ ತಪ್ಪುವುದು ಜಾಸ್ತಿ ಉತ್ತರ ಅಲ್ಲ, ಪ್ರಶ್ನೆ. ಬರೆದವರಿಗೆ ಒಂದೇ ಭಾಷೆ ನೆನಪಿತ್ತು, ಅಷ್ಟೇ. ನಾಗವಲ್ಲಿಯದ್ದು ಅರ್ಧ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಹೇಳಿದವರು ಮಾಷ್. ಮಂಜೊಟ್ಟಿ ನ್ಯಾಯವಾಗಿ ಅವರದ್ದೇ. (ಚಿಕ್ಕಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

ಇದರಲ್ಲಿ ನನ್ನದೊಂದು ಹಳೆಯ ಗಾಯವೂ ಉಂಟು. ಕಾಲೇಜಿನಲ್ಲಿರುವಾಗ ಒಂದು ರಸಪ್ರಶ್ನೆ ಸ್ಪರ್ಧೆಗೆ ಹೋಗಿದ್ದೆ. ಮಣಿರತ್ನಂ ಅವರ ಮೊದಲ ಸಿನಿಮಾ ಯಾವುದು ಅಂತ ಕೇಳಿದರು. 'ಪಲ್ಲವಿ ಅನುಪಲ್ಲವಿ' ಅಂದೆ. ಕೇಳುವವರು ಕೈಯಲ್ಲಿದ್ದ ಚೀಟಿ ನೋಡಿ, "ಅಲ್ಲ, ಪಗಲ್ ನಿಲವು" ಅಂದರು. ನಾನು ವಾದ ಮಾಡಿದೆ. "ಚೀಟಿಯಲ್ಲಿ ಹೀಗೇ ಇದೆ" ಅಂದರು. ಒಂದು ಅಂಕದಲ್ಲಿ ಸೋತೆವು. 'ಪಗಲ್ ನಿಲವು' 1985ರದ್ದು, ಅವರ ಮೊದಲ ತಮಿಳು ಸಿನಿಮಾ. 'ಪಲ್ಲವಿ ಅನುಪಲ್ಲವಿ' 1983ರದ್ದು. ಅನಿಲ್ ಕಪೂರ್ ಕನ್ನಡದಲ್ಲಿ ಮಾಡಿದ ಸಿನಿಮಾ ಮಾರಾಯ್ರೆ, ಮರೆಯುವುದು ಹೇಗೆ?

ಚೀಟಿಯಲ್ಲಿದ್ದದ್ದೇ ಸತ್ಯ ಎಂಬ ರೋಗ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಫ್ರೆಡ್ ವರ್ತ್ ಎಂಬವರು ಇಂಥ ಚಿಲ್ಲರೆ ಸಂಗತಿಗಳ ವಿಶ್ವಕೋಶ ಬರೆದಿದ್ದರು. ಕದ್ದವರನ್ನು ಹಿಡಿಯಲಿಕ್ಕೆ ಅಂತ ಅದರಲ್ಲಿ ಒಂದು ಸುಳ್ಳು ಸೇರಿಸಿದ್ದರು, ಟಿವಿ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಅಂತ. ಅದು ಹಾಗೆಯೇ ಟ್ರಿವಿಯಲ್ ಪರ್ಸ್ಯೂಟಿನ ಕಾರ್ಡಿಗೆ ಹೋಗಿ ಕೂತಿತು. 1984ರಲ್ಲಿ ಅವರು 30 ಕೋಟಿ ಡಾಲರಿಗೆ ಕೇಸು ಹಾಕಿದರು. ಸಂಗತಿಗಳಿಗೆ ಯಾರೂ ಯಜಮಾನರಲ್ಲ ಅಂತ ಕೋರ್ಟು ಬಿಟ್ಟುಹಾಕಿತು. ನನಗಂತೂ ವರ್ತ್ ಮೇಲೆ ಕನಿಕರ ಇಲ್ಲ. ಸುಳ್ಳು ಉತ್ತರ ನಂಬಿ ತುಂಡು ಕಳಕೊಂಡವರ ಮೇಲೆ ಉಂಟು.

ವಿಚಿತ್ರ ಏನೆಂದರೆ, ಮಾಷ್ ಬರೆದ ಹತ್ತರಲ್ಲಿ ಒಂದು ಪ್ರಶ್ನೆ ಇದೇ. ಮಣಿರತ್ನಂ ಮೊದಲ ಸಿನಿಮಾ? ಹಿಂದೆ ಅವರ ಚಂದದ ಅಕ್ಷರದಲ್ಲಿ ಉತ್ತರ, 'ಉಣರೂ'. ಮೋಹನ್‌ಲಾಲ್ ಇದ್ದ ಮಲಯಾಳ ಸಿನಿಮಾ, 1984. ನಾನು ಇಷ್ಟು ವರ್ಷ ಕಾದದ್ದು ಇದಕ್ಕೇ. ಇಸವಿ ಸಮೇತ ಹೇಳಿದೆ. ಮಾಷ್ ಸ್ವಲ್ಪ ಹೊತ್ತು ಮಾಡಿನ ಕಡೆ ನೋಡಿದರು. "ಆಯಿತು, ನಮ್ಮದು ಎರಡನೆಯದು" ಅಂತ ಒಂದು ಮಂಜೊಟ್ಟಿ ನನ್ನ ಕಡೆ ದೂಡಿದರು. ಆ ರಸಪ್ರಶ್ನೆಯ ಕಪ್ಪಿಗಿಂತ ಇದೇ ನನಗೆ ಹೆಚ್ಚು.

ಮುಂದಿನ ಸುತ್ತಿನಲ್ಲಿ ಅವರು ಬಡ್ಡಿ ಸಮೇತ ವಸೂಲಿ ಮಾಡಿದರು. "ಅದೇ ಮಣಿರತ್ನಂ 'ಬಾಂಬೆ'ಯ 'ಉಯಿರೇ' ಹಾಡು ತೆಗೆದದ್ದು ಎಲ್ಲಿ?" ಬೇಕಲ ಕೋಟೆ, ಅದು ಚಿಳ್ಳೆಪಿಳ್ಳೆಗೂ ಗೊತ್ತು. "ಕೋಟೆ ಕಟ್ಟಿಸಿದ್ದು ಯಾರು?" ಅಂತ ಬಾಲಂಗೋಚಿ ಸೇರಿಸಿದರು. ಕೆಳದಿಯ ಶಿವಪ್ಪ ನಾಯಕ ಅಂತ ಹೇಳುವಷ್ಟರಲ್ಲಿ ನನ್ನ ನಾಲಗೆ ತಡವರಿಸಿತು. ಚಿಕ್ಕಮ್ಮ ಎಗರಿಸಿಕೊಂಡರು.

ಎರಡನೇ ದಿನ ಸೊಸೆ ಹೊಸ ಕಾರ್ಡ್ ಕತ್ತರಿಸಿದಳು. ಪ್ರತಿಯೊಂದರ ಮೂಲೆಯಲ್ಲಿ ಭಾಷೆಯ ಒಂದು ಅಕ್ಷರ. ಕ, ಮ, ತು, ಕೊಂ. ಮತ್ತೊಂದು ಜಾತಿಯದ್ದಕ್ಕೆ ಎರಡೆರಡು ಅಕ್ಷರ. ಎರಡು ಭಾಷೆ ಗೊತ್ತಿದ್ದರೆ ಮಾತ್ರ ಬಿಡಿಸಲು ಆಗುವಂಥದ್ದು ಇವು. ಸರಿ ಹೇಳಿದರೆ ಎರಡು ಮಂಜೊಟ್ಟಿ. ಆಟಕ್ಕೆ ನಿಜವಾದ ರುಚಿ ಬಂದದ್ದು ಇದರಿಂದ.

'ಚೆಮ್ಮೀನ್'ಗೂ 'ಕೋಕಿಲ'ಕ್ಕೂ ಏನು ಸಂಬಂಧ? ಅತ್ತೆಯ ಪ್ರಶ್ನೆ. ಎರಡಕ್ಕೂ ಸಂಗೀತ ಸಲೀಲ್ ಚೌಧುರಿ ಅವರದ್ದು. ಅತ್ತೆ ಎರಡೂ ಸಿನಿಮಾ ನೋಡಿಲ್ಲ! ಮಮ್ಮೂಟ್ಟಿ ಜೊತೆ 'ಕೌರವರ್'ನಲ್ಲಿ ಪೊಲೀಸ್ ಅಧಿಕಾರಿಯಾದ ಕನ್ನಡದ ಹೀರೋ? ವಿಷ್ಣುವರ್ಧನ್. ದಿಗಂತ್ ಇದ್ದ 'ಕಥೆಯೊಂದು ಶುರುವಾಗಿದೆ'ಯನ್ನೂ, ಕಾಞಂಗಾಡಿನ ಒಂದು ಮನೆಯ ನಿಶ್ಚಿತಾರ್ಥದ ಕಥೆ 'ತಿಂಗಳಾಳ್ಚ ನಿಶ್ಚಯಂ'ಅನ್ನೂ ಮಾಡಿದ ಒಬ್ಬರೇ ನಿರ್ದೇಶಕರು? ಕಾಞಂಗಾಡಿನ ಸೆನ್ನಾ ಹೆಗ್ಡೆ. ಇದು ಮಾಷಿಗೂ ಗೊತ್ತಿರಲಿಲ್ಲ, ಬೆಂಗಳೂರಿನವಳಿಗೂ ಗೊತ್ತಿರಲಿಲ್ಲ. ಹೇಳಿದ್ದು ಸೊಸೆ. ಎರಡು ಮಂಜೊಟ್ಟಿ ಎತ್ತಿ ಕಿಸೆಗೆ ಹಾಕುವಾಗ ಅವಳ ಮುಖ ನೋಡಬೇಕಿತ್ತು.

ಅವಳನ್ನೂ ಒಮ್ಮೆ ಬೀಳಿಸಿದೆವು. 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಸಿನಿಮಾದ ಶಾಲೆ ಇರುವುದು ಎಲ್ಲಿ? "ಕಾಸರಗೋಡು! ಹೆಸರಲ್ಲೇ ಉಂಟಲ್ಲ ಮಾವ!" ಅಲ್ಲ, ಕೈರಂಗಳದಲ್ಲಿ, ದಕ್ಷಿಣ ಕನ್ನಡಕ್ಕೆ ಸೇರಿದ್ದು. ಕಾಸರಗೋಡಿನ ಕನ್ನಡ ಶಾಲೆಯಲ್ಲೇ ಕಲಿಯುವ ಹುಡುಗಿ ಅವಳು. ಇದು ಮೋಸ ಅಂತ ಅರ್ಧ ಗಂಟೆ ಮಾತು ಬಿಟ್ಟಳು. ಅವಳ ಸಿಟ್ಟು ಸರಿ ಅಂತಲೇ ನನಗೆ ಕಂಡಿತು. ಆದರೂ ಮಂಜೊಟ್ಟಿ ಕೊಡಲಿಲ್ಲ.

ಅಮೆರಿಕದ ಪೆಟ್ಟಿಗೆ ಈಗ ಅಟ್ಟದಲ್ಲಿ ಮದುವೆ ಕಾಗದಗಳು ಇದ್ದ ಜಾಗದಲ್ಲಿ ಉಂಟು. ದಾಳ ಮಾತ್ರ ನಾವು ಇಟ್ಟುಕೊಂಡೆವು. ಚೌತಿಗೆ ಎಲ್ಲರೂ ಮತ್ತೆ ಸೇರುತ್ತೇವೆ. ಕ, ಮ ಎರಡೂ ಕಟ್ಟು ದಪ್ಪ ಆಗಿವೆ. ತುಳುವಿನದ್ದು 'ಎನ್ನ ತಂಗಡಿ'ಯಿಂದ (1971, ಮೊದಲನೆಯದು) 'ಒರಿಯರ್ದೊರಿ ಅಸಲ್' ತನಕ ಬಂದು ನಿಂತಿದೆ. ಕೊಂಕಣಿ ಕಟ್ಟಿನಲ್ಲಿ ಇರುವುದು ಎರಡೇ ಕಾರ್ಡ್. ಮೊದಲ ಸಿನಿಮಾ 'ಮೊಗಾಚೊ ಆಂವ್ಡೊ', 1950. ಮತ್ತೆ ಕಾಸರಗೋಡು ಚಿನ್ನಾ ಅವರ 'ಉಜ್ವಾಡು'. ಮಂಜೇಶ್ವರ, ಕುಂಬಳೆ ಕಡೆಯ ಕೊಂಕಣಿ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಎಂಟು ಪ್ರಶ್ನೆ ಕಳಿಸಿ. ಉತ್ತರ ಇನ್‌ಬಾಕ್ಸ್‌ಗೆ ಹಾಕಿ. ಕಮೆಂಟಿನಲ್ಲಿ ಹಾಕಿದರೆ ಸೊಸೆ ಓದಿಬಿಡುತ್ತಾಳೆ.