ಹಾಸನಗಳು ಸೀಮಿತ

ಭಾನುವಾರ ಪೇಪರ್ ಬಿಡಿಸಿದರೆ ಒಳಗಿಂದ ಹಳದಿ ಪಾಂಪ್ಲೆಟ್ ಒಂದು ಜಾರಿ ಬಿತ್ತು. ‘ದಿನಕ್ಕೊಂದು ಬ್ಲಾಗ್ ಬರೆಯಿರಿ, 30 ದಿನದಲ್ಲಿ ನಿಮ್ಮ ಬರವಣಿಗೆ ಸುದಾರಿಸಿಕೊಳ್ಳಿ. ಹಾಸನಗಳು ಸೀಮಿತ!’

ಮೂರು ಸಲ ಓದಿದೆ. ಕ್ಲಾಸು ಇರುವುದು ನಮ್ಮ ಮೈಸೂರಿನ ಸರಸ್ವತಿಪುರಂನಲ್ಲಿ. ಹಾಸನ ಯಾಕೆ ಸೀಮಿತ? ಅದೂ ಬಹುವಚನದಲ್ಲಿ? ಆಮೇಲೆ ಹೊಳೆಯಿತು. ಪಾಪ, ಆಸನ. ನಮ್ಮ ಕಡೆ ಹಕಾರದ ಕತೆಯೇ ಹಾಗೆ. ಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತದೆ. ಮಾತಿನಲ್ಲಿ ಅದು ಚೆಂದವೇ. ನಮ್ಮಜ್ಜಿ ಜೀವಮಾನವೆಲ್ಲ ಆಲು ಕರೆದು, ಆಲು ಕಾಯಿಸಿ, ಆಲಿಗೇ ಹೆಪ್ಪು ಹಾಕಿದಳು. ಮೊಸರು ಗಟ್ಟಿಯಾಗೇ ಬರುತ್ತಿತ್ತು. ಆದರೆ ಅಜ್ಜಿ ಬರವಣಿಗೆ ಕಲಿಸ್ತೀನಿ ಅಂತ 2,999 ರೂಪಾಯಿ ಕೇಳಿರಲಿಲ್ಲ.

ಐಡಿಯಾ ಏನೋ ಭೇಷಾಗಿದೆ. ನಾನೂ ಅದೇ ದಾರಿಯಲ್ಲಿ ಹೋದವನು. 2008ರಲ್ಲಿ ಬ್ಲಾಗ್‌ಸ್ಪಾಟ್‌ನಲ್ಲಿ ಒಂದು ಅಂಗಡಿ ತೆರೆದೆ. ಎಷ್ಟು ಜನ ಬಂದರು ಅಂತ ಪಕ್ಕದಲ್ಲೊಂದು ಮೀಟರು. ಅದು 412ಕ್ಕೆ ನಿಂತಿತು. ಅದರಲ್ಲಿ 400 ಸಲ ನಾನೇ, ಯಾರಾದರೂ ಬಂದರಾ ಅಂತ ನೋಡೋಕೆ ಹೋಗಿದ್ದು. ಉಳಿದವರು ‘ಸೂಪರ್ ಸಾರ್’ ಅಂದರು. ನಾನು ಅವರ ಬ್ಲಾಗಿಗೆ ಹೋಗಿ ‘ಅದ್ಭುತ’ ಅಂದು ಬಂದೆ. ಶುದ್ಧ ಮುಯ್ಯಿ ಲೆಕ್ಕ.

ಮುಯ್ಯಿ ಅಂದಾಗ ನೆನಪಾಯಿತು. ಮದ್ದೂರು ಕಡೆ ಮದುವೆಗಳಲ್ಲಿ ನಮ್ಮ ದೊಡ್ಡಪ್ಪ ಮುಯ್ಯಿ ಬರೆಯೋಕೆ ಕೂರುತ್ತಿದ್ದರು. ಚಪ್ಪರದ ಬಾಗಿಲಲ್ಲಿ ಒಂದು ಟೇಬಲ್ಲು, ಎಲೆಅಡಿಕೆ ತಟ್ಟೆ, ಮೂಲೆಗೆ ಅರಿಶಿನ ಹಚ್ಚಿದ ನೋಟ್‌ಬುಕ್ಕು. ಒಂದೇ ಊರಲ್ಲಿ ಆರು ಜನ ಸಿದ್ದೇಗೌಡರು. ಯಾವ ಸಿದ್ದೇಗೌಡ ಅಂತ ಹತ್ತು ವರ್ಷ ಬಿಟ್ಟು ನೋಡಿದರೂ ಗುರುತಾಗಬೇಕು. ಮೇಲ್ಮನೆ, ಬೋರ್‌ವೆಲ್, ಮಿಲಿಟರಿ, ಹೀಗೆ ಬರೆಯುತ್ತಿದ್ದರು. ಒಂದು ಸಲ ಯಾರದೋ 101 ರೂಪಾಯಿ ಪುಸ್ತಕದಲ್ಲಿ 51 ಆಯಿತು. ಅವರ ಮನೆ ಮದುವೆಯಲ್ಲಿ ವಾಪಸ್ಸು 51 ಹೋಯಿತು. ಆವತ್ತಿನ ಜಗಳಕ್ಕೆ ದೊಡ್ಡಪ್ಪ ಎರಡು ವರ್ಷ ಆ ಬೀದಿಗೆ ಕಾಲಿಡಲಿಲ್ಲ. ಆಮೇಲಿನ ಅವರ ಬರಹ ನೋಡಬೇಕಿತ್ತು. ಒಂದಕ್ಷರ ಜಾಸ್ತಿ ಇಲ್ಲ, ಒಂದಕ್ಷರ ಕಮ್ಮಿ ಇಲ್ಲ. ಓದಿ ಜಗಳಕ್ಕೆ ಬರುವವರಿದ್ದರಲ್ಲ!

ನನ್ನ ಬ್ಲಾಗಿಗೆ ಬಂದ ಹನ್ನೆರಡು ಜನರಲ್ಲಿ ಒಬ್ಬರೂ ಜಗಳಕ್ಕೆ ಬರಲಿಲ್ಲ. ನಾಲ್ಕು ವರ್ಷ ‘ವಿಧ್ಯೆ’ ಅಂತಲೇ ಬರೆದೆ. ಅಭ್ಯಾಸ ಚೆನ್ನಾಗಿ ಆಯಿತು, ತಪ್ಪಿಗೆ.

ಈಗ ಬರೆಯುವ ಕಷ್ಟವೂ ಇಲ್ಲ ಬಿಡಿ. ಎದುರು ಮನೆ ಹುಡುಗ ಈ ಕ್ಲಾಸಿಗೆ ಸೇರಿದ್ದಾನೆ. ‘ನಾನೆಲ್ಲಿ ಬರೀಲಿ ಅಂಕಲ್, ಚಾಟ್‌ಜಿಪಿಟಿ ಬರ್ಕೊಡುತ್ತೆ’ ಅಂದು ಮೊಬೈಲ್ ತೋರಿಸಿದ. ಒಂಬತ್ತನೇ ದಿನ: ‘ಮೈಸೂರು ಪಾಕ್ ಕೇವಲ ಸಿಹಿಯಲ್ಲ, ಅದೊಂದು ಪಯಣ.’ ಹತ್ತನೇ ದಿನ: ‘ಮಳೆ ಕೇವಲ ನೀರಲ್ಲ, ಅದೊಂದು ಭಾವನೆ.’ ಆ ಹೊತ್ತಿಗೆ ಹೊರಗೆ ನಿಜವಾದ ಮಳೆ ಬಂದು ಅವರ ಮನೆ ಮುಂದಿನ ಮೋರಿ ಉಕ್ಕುತ್ತಿತ್ತು. ಅದೂ ಕೇವಲ ನೀರಾಗಿರಲಿಲ್ಲ.

‘ಓದೋಕೆ ಏನಾದ್ರೂ ಕೊಡ್ತಾರೇನಪ್ಪಾ?’ ಅಂದೆ.

‘ಓದೋದು ಸಿಲಬಸ್‌ನಲ್ಲಿಲ್ಲ ಅಂಕಲ್.’

ಅವನನ್ನು ಬೈದು ಏನು ಬಂತು? ಎಲ್ಲಿ ಹೋಗಿ ಓದಬೇಕು ಅವನು? ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಮನೆ ಕಂದಾಯದ ಮೇಲೆ 6% ಗ್ರಂಥಾಲಯ ಸೆಸ್ ಅಂತ ನಾವು ಕಟ್ಟುತ್ತಲೇ ಇದ್ದೇವೆ. ಆ ದುಡ್ಡು ಗ್ರಂಥಾಲಯಕ್ಕೆ ದಾಟಿಲ್ಲ, ಬಾಕಿ ಇದೆ ಅನ್ನುವ ಸುದ್ದಿಯೂ ಬರುತ್ತಲೇ ಇದೆ. ಇದೇ ಊರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಮನುಷ್ಯರೊಬ್ಬರು ಜನರಿಗಾಗಿ ಲೈಬ್ರರಿ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟುಹೋಯಿತು. ಸುಮಾರು 11,000 ಪುಸ್ತಕ. ಆವತ್ತು ಊರೆಲ್ಲ ಫೇಸ್‌ಬುಕ್‌ನಲ್ಲಿ ಬರೆಯಿತು. ನಾನೂ ಬರೆದೆ, ಚೆನ್ನಾಗೇ ಬರೆದೆ, ಲೈಕುಗಳೂ ಬಂದವು. ಅದಕ್ಕೆ ಮುಂಚೆ ಒಂದು ದಿನವಾದರೂ ಅಲ್ಲಿಗೆ ಹೋಗಿ ಒಂದು ಪುಸ್ತಕ ಮುಟ್ಟಿದ್ದೆನಾ? ಇಲ್ಲ.

ಸುಮ್ನೆ ಕೂರಲಾಗದೆ ಪಾಂಪ್ಲೆಟ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

‘ಮೇಡಂ, ಅದು ಹಾಸನ ಅಲ್ಲ, ಆಸನ.’

‘ತಿದ್ದೋದೆಲ್ಲ ಅಡ್ವಾನ್ಸ್ಡ್ ಕೋರ್ಸಲ್ಲಿ ಬರುತ್ತೆ ಸಾರ್. ನೀವು ಮೊದಲು ಬೇಸಿಕ್‌ಗೆ ಸೇರ್ಕೊಳ್ಳಿ. ಹಾಸನ ಇನ್ನು ಮೂರೇ ಉಳಿದಿರೋದು.’