ತಜಂಕ್ ಸೊಪ್ಪಿನ ಚಿಟ್ಟೆ

ಮಳೆಗಾಲದ ಆಟಿ ತಿಂಗಳಲ್ಲಿ ತಜಂಕ್, ಅಂದರೆ ಚಗಟೆ ಸೊಪ್ಪು ಕೊಯ್ದು ತಂದರೆ ಅಮ್ಮ ಒಂದೊಂದೇ ಎಲೆ ತಿರುಗಿಸಿ ನೋಡುತ್ತಾರೆ. "ಹುಳ ಉಂಟಾ ನೋಡು ಮಾರಾಯ್ತಿ, ವಡೆಯಲ್ಲಿ ಸಿಕ್ಕಿದ್ರೆ ಅಪ್ಪ ಮತ್ತೆ ಮುಟ್ಲಿಕ್ಕಿಲ್ಲ."

ಈ ಸಲ ಒಂದು ಸಿಕ್ಕಿತು. ಎಲೆಯದ್ದೇ ಹಸಿರು. ಮೈಯ ಬದಿಗೆ ಬಿಳಿ ಗೆರೆ, ಅದರ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಹೊಸ ಸೊಪ್ಪು ಕೊಟ್ಟೆ. ತಿಂದಿತು, ಹಿಕ್ಕೆ ಹಾಕಿತು, ಗೂಡಾಯಿತು. ಕೊನೆಗೆ ತುಸು ಹಸಿರು ಬೆರೆತ ಬಿಳಿ ಚಿಟ್ಟೆಯೊಂದು ಹೊರಗೆ ಬಂತು.

ಪಕ್ಕದ ಮನೆಯ ಹುಡುಗಿ ಮಲಯಾಳಂ ಮೀಡಿಯಂ. ನೋಡಿದ್ದೇ ತಡ, "ಚೇಚೀ, ತಕರಮುತ್ತಿ!" ಅಂದಳು. ತಕರ ಅಂದರೆ ನಮ್ಮ ತಜಂಕೇ. ಹೆಸರಿನಲ್ಲೇ ಊಟದ ವಿಳಾಸ ಉಂಟು! "ನಿಮ್ಮ ಕನ್ನಡದಲ್ಲಿ ಎಂತ ಹೇಳ್ತಾರೆ?" ಅಂತ ಕೇಳಿದಳು. "ಬಿಳಿ ಚಿಟ್ಟೆ" ಅಂದೆ. ನನಗೇ ನಾಚಿಕೆಯಾಯಿತು.

ಇಂಗ್ಲಿಷಿನಲ್ಲಿ ಇದು ಮಾಟಲ್ಡ್ ಎಮಿಗ್ರೆಂಟ್. ಇದರ ದಾಯಾದಿ ಕಾಮನ್ ಎಮಿಗ್ರೆಂಟ್, ಬಿಸು ಹಬ್ಬದ ಕಣಿಗೆ ಹೂ ಕೊಯ್ಯುತ್ತೇವಲ್ಲ, ಆ ಕೊನ್ನೆ, ಅಂದರೆ ಕಕ್ಕೆ ಮರದ ಚಿಗುರಿನಲ್ಲೂ ಮೊಟ್ಟೆ ಇಡುತ್ತದೆ. ಅದನ್ನು 'ಸಾಮಾನ್ಯ ವಲಸೆಗಾರ' ಅಂತ ಕನ್ನಡ ಮಾಡಿದರೆ ತಾಲೂಕು ಆಫೀಸಿನ ಫಾರಂ ತುಂಬಿಸಿದ ಹಾಗಾಗುತ್ತದೆ ಅಲ್ವಾ? ಮಕ್ಕಳು ಅದನ್ನು ಕೂಗಿ ಕರೆಯುತ್ತಾರಾ? ಕಾಮನ್ ಜೆಜೆಬೆಲ್ ಅನ್ನುವ ಇನ್ನೊಂದು ಚಿಟ್ಟೆಯ ಕಥೆ ಇನ್ನೂ ತಮಾಷೆ. ಬೈಬಲ್ಲಿನ ಕೆಟ್ಟ ರಾಣಿಯ ಹೆಸರು. ಮಲಯಾಳದವರು ಅದಕ್ಕೆ ವಿಲಾಸಿನಿ ಅಂದರು. ಪಾಪ, ಎರಡು ಕಡೆಯೂ ಅವಳ ಸೀರೆಯ ಮೇಲೆಯೇ ಕಣ್ಣು! ರೆಕ್ಕೆ ಮಡಚಿ ಕೂತರೆ ಅಡಿಬದಿಯ ಹಳದಿ, ಅಂಚಿನ ಕೆಂಪು ಬೊಟ್ಟುಗಳು ಕಾಣುತ್ತವೆ, ನಿಜ. ಆದರೆ ಅದರ ಮರಿಹುಳಗಳು ಗುಂಪಾಗಿ ಮೇಯುವುದು ಮಾವಿನ ಮರದ ಬಂದಳಿಕೆಯನ್ನು. ನಾನಾದರೆ ಬಂದಳಿಕೆ ಚಿಟ್ಟೆ ಅನ್ನುತ್ತೇನೆ. ಮಗುವಿಗೆ ಎಲ್ಲಿ ತಲೆಯೆತ್ತಿ ಹುಡುಕಬೇಕು ಅಂತಲಾದರೂ ಗೊತ್ತಾಗುತ್ತದೆ.

ತುಳು, ಮಲಯಾಳಂ, ಕನ್ನಡ ಮೂರೂ ಒಂದೇ ಜಗಲಿಯಲ್ಲಿ ಕೂರುವ ಊರು ನಮ್ಮ ಕಾಸರಗೋಡು. ಹೆಸರಿಗೆ ಬರಗಾಲ ಯಾಕೆ? ತುಳುವಿನ ತಜಂಕ್ ಕನ್ನಡದ ಚಿಟ್ಟೆಗೆ ಅಂಟಿದರೆ ಯಾರ ಗಂಟು ಹೋಗುತ್ತದೆ?

ನಿನ್ನೆ ಮಳೆ ಬಿಟ್ಟಾಗ ಅಂಗಳದ ಕರೆಯಲ್ಲಿ ಒಂದು ಹೆಣ್ಣು ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತಿತ್ತು. ಅವು ಕಾಲಿನಲ್ಲೇ ಎಲೆಯ ರುಚಿ ನೋಡುತ್ತವೆ. ಸರಿಯಾದ ಗಿಡ ಅಂತ ಖಾತ್ರಿಯಾದರೆ ಮಾತ್ರ ಮೊಟ್ಟೆ. ಅಮ್ಮ ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತರು.

"ನಿನ್ನ ತಜಂಕ್ ಚಿಟ್ಟೆ ಬಂದಿದೆ ನೋಡು. ಆ ಗಿಡ ಬಿಡುವ, ಆಚೆಯದ್ದು ಕೊಯ್ಯುವ."